ಪ್ಲೇಗಿನ ಪಾಠ ನಾನು ಮಾಡುವ ರೀತಿ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊದಲ ಕೆಲವು ವರ್ಷ ಪುಣೆಯ ಪ್ಲೇಗಿನ ಪಾಠವನ್ನು ಕೆಡಿಸಿದ್ದೇ ಜಾಸ್ತಿ. 1897ರ ಜೂನ್ 22, ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್ ಸಾಹೇಬನ ಮೇಲೆ ಚಾಪೇಕರ್ ಸಹೋದರರ ಗುಂಡು, ತಿಲಕರಿಗೆ ರಾಜದ್ರೋಹದ ಮೇಲೆ ಹದಿನೆಂಟು ತಿಂಗಳ ಜೈಲು. ಇಷ್ಟು ಬೋರ್ಡಿನ ಮೇಲೆ ಬರೆದರೆ ಮುಗಿಯಿತು. ಜನ ಸರ್ಕಾರದ ಮೇಲೆ ಯಾಕೆ ಸಿಟ್ಟಾದರು ಎಂದು ಮಕ್ಕಳು ಕೇಳಿದರೆ, "ಆಗ ತಿಳಿವಳಿಕೆ ಕಮ್ಮಿ ಇತ್ತು" ಎಂದುಬಿಡುತ್ತಿದ್ದೆ.

ಒಬ್ಬ ಹುಡುಗಿ ಇದನ್ನು ಮನೆಯಲ್ಲಿ ಹೇಳಿದ್ದಾಳೆ. ಪೋಷಕರ ಸಭೆಗೆ ಅವಳ ಅಜ್ಜಿಯೇ ಬಂದರು. "ಯಾರಿಗೆ ಮೇಷ್ಟ್ರೇ ತಿಳಿವಳಿಕೆ ಕಮ್ಮಿ? ಇಲಿ ಸತ್ತು ಬಿತ್ತು ಅಂದ್ರೆ ನಮ್ಮತ್ತೆ ಕಾಲದವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಳ್ತಿದ್ರು" ಅಂದರು.

ನನಗೆ ಮಾತೇ ಹೊರಡಲಿಲ್ಲ. ಮನೆ ಖಾಲಿ ಮಾಡಿ ಎಂದೇ ಅಲ್ವಾ ಸರ್ಕಾರವೂ ಹೇಳಿದ್ದು? ಹಾಗಾದರೆ ಜಗಳ ಯಾತಕ್ಕೆ? ಆಮೇಲಿಂದ ಪಾಠವನ್ನು ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯುತ್ತೇನೆ. ಜಗಲಿ, ನಡುಮನೆ, ಅಡುಗೆಮನೆ, ದೇವರ ಮೂಲೆ. ನಾಲ್ಕು ಮಕ್ಕಳು ಮನೆಯವರು, ಇಬ್ಬರು ಸಿಪಾಯಿಗಳು. ಸಿಪಾಯಿಗಳು ಶೂ ಹಾಕಿಕೊಂಡೇ ಒಳಗೆ ಬರಬೇಕು, ಜ್ವರ ಬಂದವರನ್ನು ಆಸ್ಪತ್ರೆಗೆ, ಉಳಿದವರನ್ನು ಕ್ಯಾಂಪಿಗೆ ಕಳಿಸಬೇಕು, ಹಾಸಿಗೆ ಬಟ್ಟೆ ಸುಡಬೇಕು. ಪುಣೆಯಲ್ಲಿ ನಡೆದದ್ದೂ ಹೀಗೆಯೇ. ಸಿಪಾಯಿ ಅಡುಗೆಮನೆಯ ಗೆರೆ ದಾಟುತ್ತಿದ್ದಂತೆ ಯಾರಾದರೂ ಕೂಗೇ ಕೂಗುತ್ತಾರೆ: "ಸಾರ್, ಶೂ!" ಆಗ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಓದುತ್ತೇನೆ. ತೀರಾ ಚಿಕ್ಕ ಕಾಯಿದೆ. ಅಧಿಕಾರ ಕೊಡುತ್ತದೆ, ಮಾತು ಕೇಳದವರಿಗೆ ಶಿಕ್ಷೆ ಹೇಳುತ್ತದೆ, ಅಧಿಕಾರಿಗಳ ಮೇಲೆ ಕೇಸು ಹಾಕದಂತೆ ಕಾಪಾಡುತ್ತದೆ. ಮನೆಯವರು ಏನು ಕೇಳಬಹುದು ಎಂಬ ಮಾತೇ ಅದರಲ್ಲಿಲ್ಲ. (2020ರಲ್ಲಿ ಕೊರೊನಾ ಬಂದಾಗಲೂ ಹೊರತೆಗೆದದ್ದು ಇದೇ ಕಾಯಿದೆ.) 1898ರ ಮಾರ್ಚ್‌ನಲ್ಲಿ ಬೊಂಬಾಯಿಯಲ್ಲೂ ಗಲಭೆಯಾಯಿತು. ಕೊನೆಗೆ ಸರ್ಕಾರವೇ ಬಲವಂತ ಸಡಿಲಿಸಿತು.

ಲಸಿಕೆಯ ಕಥೆ ಬೇಗ ಹೇಳುತ್ತೇನೆ. ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು 1897ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಚುಚ್ಚಿಸಿಕೊಂಡರು. ಅದೇ ವರ್ಷ ರೋಗ ರೈಲು ಹತ್ತಿ ಬೆಂಗಳೂರಿಗೂ ಬಂತು. ಪೇಟೆಯ ಇಕ್ಕಟ್ಟು ಬಿಟ್ಟವರಿಂದ ಬಸವನಗುಡಿ, ಮಲ್ಲೇಶ್ವರ ಬೆಳೆದವು ಎಂದರೆ ಬೆಂಗಳೂರಿನ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಹೋದ ವರ್ಷ ಆಟದ ನಡುವೆ ಹಿಂದಿನ ಬೆಂಚಿನ ಹುಡುಗ ಕೇಳಿದ: "ಸಾರ್, ಇಲಿಯನ್ನ ಯಾರೂ ಹಿಡೀಲೇ ಇಲ್ವಲ್ಲ?" ನಿಜ. ಇಲಿಯ ಚಿಗಟದಿಂದ ರೋಗ ಹರಡುತ್ತದೆ ಎಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ವೈದ್ಯರು ಒಪ್ಪಲು ಮತ್ತೂ ಎಷ್ಟೋ ವರ್ಷ ಬೇಕಾಯಿತು. ಸಿಪಾಯಿಗಳು ಮನುಷ್ಯರನ್ನು ಹುಡುಕುತ್ತಿದ್ದಾಗ ಇಲಿ ಪಕ್ಕದ ಮನೆಗೆ ಹೋಗುತ್ತಿತ್ತು.

ಈ ವರ್ಷದಿಂದ ಆಟದಲ್ಲಿ ಒಂದು ಇಲಿಯೂ ಇದೆ. ಸಿಪಾಯಿ ಆಗಲು ಯಾರೂ ಒಪ್ಪುವುದಿಲ್ಲ, ಇಲಿ ಆಗಲು ಮಾತ್ರ ಜಗಳ.