ಹಣ ಕೊಡುವ ಮೊದಲು ಮುಚ್ಚಳ ಮುಚ್ಚಿ ನೋಡಿ

ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಹಾಕಿಕೊಳ್ಳುವ ಉದ್ದೇಶದಿಂದ ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಮೈಸೂರಿನ ಅಂಗಡಿಗಳಿಗೆ ಹೋಗುವವರು ಸಾಮಾನ್ಯವಾಗಿ ರ್‍ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಎಂದಷ್ಟೇ ವಿಚಾರಿಸುತ್ತಾರೆ. ನಾನೂ ಹಾಗೆಯೇ ಕೊಂಡೆ. ಮುಚ್ಚಿ ಚೀಲದಲ್ಲಿಟ್ಟುಕೊಂಡು ಮೈಸೂರಿನಲ್ಲಿ ರೈಲು ಹತ್ತಿದರೆ, ಮಂಡ್ಯ ಬರುವಷ್ಟರಲ್ಲಿ ಚೀಲವೇ ಬಿಸಿಯಾಗಿತ್ತು. ಯಂತ್ರ ನಿದ್ರೆಗೆ ಹೋಗಿರಲೇ ಇಲ್ಲ.

ಆದ್ದರಿಂದ ಕೊಳ್ಳುವ ಮೊದಲೇ ಅಂಗಡಿಯಲ್ಲಿ ಲಿನಕ್ಸ್ ಓಡಿಸಿ ನೋಡಲು, ಮನೆಯಲ್ಲೇ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04ನ್ನು ಬರೆದುಕೊಂಡು ಹೋಗಿ. ಲ್ಯಾಪ್‌ಟಾಪ್ ಆನ್ ಆಗುವಾಗ ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಪೆನ್‌ಡ್ರೈವ್‌ನಿಂದ ಆರಂಭಿಸುವ ಆಯ್ಕೆ ಸಿಗುತ್ತದೆ. ‘ಟ್ರೈ’ ಆಯ್ಕೆಯನ್ನು ಆರಿಸಿಕೊಂಡರೆ ಒಳಗಿನ ಡಿಸ್ಕ್ ಹಾಗೆಯೇ ಇರುತ್ತದೆ, ಅಂಗಡಿಯವರು ಹೆದರಬೇಕಾಗಿಲ್ಲ. ಕಂಪನಿಗಳಿಂದ ಬಂದ ಯಂತ್ರವು ಇಲ್ಲಿಯೇ ಬಯೋಸ್ (ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಕೇಳಿದರೆ, ಅದನ್ನು ತೆಗೆಸಿಕೊಡುವವರೆಗೂ ವ್ಯಾಪಾರ ಬೇಡ.

ಮೊದಲು ಚಾರ್ಜರ್ ಕಿತ್ತು, ಬ್ಯಾಟರಿಯ ಶೇಕಡಾವಾರು ಬರೆದುಕೊಂಡು, ಮುಚ್ಚಳ ಮುಚ್ಚಿ ಕಾಫಿ ಕುಡಿದು ಬನ್ನಿ. ಅರ್ಧ ಗಂಟೆಯ ನಂತರ ತೆರೆದಾಗ ಪರದೆ ತಕ್ಷಣ ಬೆಳಗಬೇಕು, ತಳ ತಣ್ಣಗಿರಬೇಕು, ಚಾರ್ಜ್ ಹೆಚ್ಚುಕಡಿಮೆ ಹಾಗೆಯೇ ಇರಬೇಕು. ಮೆಮೊರಿಯೊಂದನ್ನು ಬಿಟ್ಟು ಬಹುತೇಕ ಎಲ್ಲವನ್ನೂ ಆಫ್ ಮಾಡುತ್ತಿದ್ದ, ಎಸ್3 ಎಂಬ ಹಳೆಯ ನಿದ್ರೆಯ ವಿಧಾನವನ್ನು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಕೈಬಿಟ್ಟಿವೆ. ಅವುಗಳಲ್ಲಿ ಒಂದೊಂದು ಬಿಡಿಭಾಗವೂ ತನ್ನನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನ ಮಾತು ಕೇಳಿ ಮಲಗಬೇಕಾಗಿರುವುದರಿಂದ, ಒಂದು ಎಚ್ಚರವಾಗಿ ಉಳಿದರೂ ಬ್ಯಾಟರಿ ಸೋರುತ್ತದೆ.

ಅನಂತರ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಯುಪವರ್ -ಡಿ’ (upower -d) ಆದೇಶ ಕೊಟ್ಟು, ‘ಎನರ್ಜಿ ಫುಲ್’ (ಈಗ ತುಂಬುವ ಶಕ್ತಿ) ಮತ್ತು ‘ಎನರ್ಜಿ ಫುಲ್ ಡಿಸೈನ್’ (ಹೊಸದಿದ್ದಾಗಿನ ಶಕ್ತಿ) ಅಂಕಿಗಳನ್ನು ಹೋಲಿಸಿ. ಮೊದಲನೆಯದು 30, ಎರಡನೆಯದು 50 ವ್ಯಾಟ್‌ಅವರ್ ಇದ್ದರೆ ಬ್ಯಾಟರಿಯ ಶಕ್ತಿ ಶೇ 60ಕ್ಕೆ ಇಳಿದಿದೆ ಎಂದರ್ಥ. ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಶಿಯಲ್ಲಿ ಸೇರಿಸಿ.

ವೈಫೈಯನ್ನು ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಿ. ಇಂಟೆಲ್ ಕಾರ್ಡುಗಳು ಬಹುತೇಕ ಕಿರಿಕಿರಿಯಿಲ್ಲದೆ ನಡೆಯುತ್ತವೆ, ಬ್ರಾಡ್‌ಕಾಮ್‌ನ ಕೆಲವಕ್ಕೆ ಪ್ರತ್ಯೇಕ ಡ್ರೈವರ್ ಬೇಕು. ಕ್ಯಾಮೆರಾ, ಧ್ವನಿ, ಬ್ರೈಟ್‌ನೆಸ್ ಕೀಲಿಗಳಿಗೆ ತಲಾ ಒಂದು ನಿಮಿಷ ಸಾಕು.

ಕೀಲಿಮಣೆಗೆ ಮಾತ್ರ ಅವಸರ ಬೇಡ. ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ‘ಕಗಪ’ (ಕನ್ನಡ ಗಣಕ ಪರಿಷತ್ತು) ವಿನ್ಯಾಸವನ್ನು ಸೇರಿಸಿ ‘ಕೃಷ್ಣರಾಜಸಾಗರ’, ‘ಶ್ರೀರಂಗಪಟ್ಟಣ’ ಎಂದು ಟೈಪ್ ಮಾಡಿ. ಈ ವಿನ್ಯಾಸದಲ್ಲಿ ಒತ್ತಕ್ಷರಗಳಿಗೆ ಎಫ್ ಕೀಲಿಯೇ ಆಧಾರ. ಹತ್ತು ಬಾರಿ ಒತ್ತಿದಾಗ ಒಂದು ಬಾರಿ ಅದು ಕೈಕೊಟ್ಟರೂ ‘ಪಟ್ಟಣ’ವು ‘ಪಟಟಣ’ವಾಗುತ್ತದೆ, ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸುವವರಿಗೆ ಈ ದೋಷ ಕಾಣುವುದು ಅಪರೂಪ.