ಡ್ರೈವರ್ ಸರಿಯಾಗಿಯೇ ಇತ್ತು

ನನ್ನ ಕಂಪ್ಯೂಟರ್ ಶಿವಮೊಗ್ಗದ ಮನೆಯಲ್ಲಿದೆ, ನಾನು ಪುಣೆಯಲ್ಲಿದ್ದೇನೆ. ಉಬುಂಟು ಇರುವ ಆ ಯಂತ್ರಕ್ಕೆ, ದೂರದಿಂದ ಡೆಸ್ಕ್‌ಟಾಪ್ ತೆರೆಯಲು ಬಿಡುವ ಎಕ್ಸ್‌ಆರ್‌ಡಿಪಿ ಮೂಲಕ ಲಾಗಿನ್ ಆಗಿ ಮೊದಲ ಸಲ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ತೆರೆದೆ. ಮಾಡೆಲ್ ತಿರುಗಿಸಿದರೆ ಚಿತ್ರ ತೆವಳುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ನಡೆಸುವ ಎನ್‌ವಿಡಿಯಾ ಡ್ರೈವರ್ ಕೆಟ್ಟಿದೆ ಅಂದುಕೊಂಡು ಅದನ್ನು ತೆಗೆದು, ಡಿಕೆಎಂಎಸ್ ಪ್ಯಾಕೇಜ್ ಹಾಕಿದೆ.

ತೊಂದರೆ ಶುರುವಾಗಿದ್ದು ಅಲ್ಲಿಂದ. ಡಿಕೆಎಂಎಸ್ ಡ್ರೈವರ್ ನಮ್ಮ ಯಂತ್ರದಲ್ಲೇ ಬಿಲ್ಡ್ ಆಗುತ್ತದೆ. ನಂಬಿಕಸ್ಥ ಸಹಿ ಇಲ್ಲದ ಡ್ರೈವರ್ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ, ಅದಕ್ಕೆ ಸಹಿ ಹಾಕುವ ಕೀಲಿಯನ್ನು ಯಂತ್ರ ಮೊದಲು ಒಪ್ಪಬೇಕು. ಹಾಗೆ ಒಪ್ಪಿಸಲು ಒಂದು ನೀಲಿ ಪರದೆ ಬರುತ್ತದೆ, ಅದೂ ರೀಬೂಟ್ ಆದಾಗ ಲಿನಕ್ಸ್ ಏಳುವ ಮುಂಚೆ. ಆಗ ನೆಟ್‌ವರ್ಕೇ ಇರುವುದಿಲ್ಲ. 10 ಸೆಕೆಂಡಿನಲ್ಲಿ ಯಾರೂ ಕೀ ಒತ್ತದಿದ್ದರೆ ಸುಮ್ನೆ ಮುಂದೆ ಹೋಗಿಬಿಡುತ್ತದೆ. ದೂರದಿಂದ ಏನೂ ಮಾಡಲಾಗದು. ಅಕ್ಕನಿಗೆ ಫೋನ್ ಮಾಡಿದೆ. 'ಎನ್‌ರೋಲ್ ಮೋಕ್ ಅಂತ ಇದೆ ಕಣೋ, ಒತ್ತಲಾ?' ಎಂದಳು. ಮೋಕ್ ಅಂದರೆ ಅದೇ ಕೀಲಿ. ಒತ್ತಿ, ನಾನು ಹೇಳಿದ ಪಾಸ್‌ವರ್ಡ್ ಹಾಕಿದಳು.

ದೂರದಿಂದ ಕಮಾಂಡ್ ಕೊಡುವ ಎಸ್‌ಎಸ್‌ಎಚ್‌ನಲ್ಲಿ, ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಕೊಟ್ಟಾಗ ಕಾರ್ಡ್ ಹೆಸರು ಬಂತು. ಆದರೂ ಬ್ಲೆಂಡರ್ ತೆವಳುವುದು ನಿಲ್ಲಲಿಲ್ಲ.

ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ರೆಂಡರ್ (ಅಂತಿಮ ಚಿತ್ರ ತಯಾರಿ) ಕೊಟ್ಟರೆ ಕೆಲಸ ಬೇಗ ಮುಗಿಯುತ್ತಿತ್ತು, ಕಾರ್ಡ್ ಮೇಲೆ ಲೋಡ್ ಕೂಡ ಕಾಣುತ್ತಿತ್ತು. ತೆವಳುತ್ತಿದ್ದದ್ದು ವ್ಯೂಪೋರ್ಟ್, ಅಂದರೆ ಮಾಡೆಲ್ ತಿರುಗಿಸಿ ನೋಡುವ ಕಿಟಕಿ ಮಾತ್ರ. ರೆಂಡರ್‌ಗೆ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಕುಡಾ (CUDA) ಸಾಕು, ಅದಕ್ಕೆ ಪರದೆಯ ಹಂಗಿಲ್ಲ. ವ್ಯೂಪೋರ್ಟ್‌ಗೆ ಪರದೆ ಮೇಲೆ ಚಿತ್ರ ಬರೆಸುವ ಓಪನ್‌ಜಿಎಲ್ ಬೇಕು, ಅದು ನಾವು ಯಾವ ಪರದೆಯಲ್ಲಿ ಕೂತಿದ್ದೇವೆ ಅನ್ನುವುದನ್ನು ನೋಡುತ್ತದೆ. ಓಪನ್‌ಜಿಎಲ್ ಕೆಲಸ ಯಾರು ಮಾಡುತ್ತಿದ್ದಾರೆ ಎಂದು ತೋರಿಸುವ ಜಿಎಲ್‌ಎಕ್ಸ್‌ಇನ್ಫೋ ಕಮಾಂಡನ್ನು ರಿಮೋಟ್ ಸೆಷನ್‌ನೊಳಗೇ ಓಡಿಸಿದೆ. ರೆಂಡರರ್ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿತ್ತು. ಅಂದರೆ ಚಿತ್ರ ಬರೆಯುತ್ತಿದ್ದದ್ದು ಸಿಪಿಯು! ಎಕ್ಸ್‌ಆರ್‌ಡಿಪಿ ತನ್ನದೇ ಬೇರೆ ಪರದೆ ಹುಟ್ಟಿಸಿಕೊಳ್ಳುತ್ತದೆ, ಆ ಪರದೆ ನನ್ನ ಕಾರ್ಡನ್ನು ಮುಟ್ಟಿರಲೇ ಇಲ್ಲ. ಡ್ರೈವರ್ ಮೊದಲ ದಿನವೂ ಸರಿ ಇತ್ತು.

ವರ್ಚುಯಲ್‌ಜಿಎಲ್ ಹಾಕಿದೆ. ಅದು ಓಪನ್‌ಜಿಎಲ್ ಕೆಲಸವನ್ನು ಕಾರ್ಡಿಗೆ ಕೊಟ್ಟು, ಮುಗಿದ ಚಿತ್ರವನ್ನು ರಿಮೋಟ್ ಪರದೆಗೆ ತರುತ್ತದೆ. ಅದರ 3.0 ಆವೃತ್ತಿಯಿಂದ, ಪರದೆ ಇಲ್ಲದೆಯೂ ಕಾರ್ಡನ್ನು ತಲುಪುವ ಇಜಿಎಲ್ ಬಳಸಬಹುದು, ಮನೆಯಲ್ಲಿ ಮಾನಿಟರ್ ಆನ್ ಇರಬೇಕಿಲ್ಲ. ಅದರ ವಿಜಿಎಲ್‌ರನ್ ಕಮಾಂಡ್ ಜೊತೆ ಬ್ಲೆಂಡರ್ ತೆರೆದೆ. ಮಾಡೆಲ್ ಸಲೀಸಾಗಿ ತಿರುಗಿತು.

ಈಗ ಇಂಥದ್ದೇನಾದರೂ ಬಂದರೆ ಮೊದಲು ಎನ್‌ವಿಡಿಯಾ-ಎಸ್‌ಎಂಐ, ಆಮೇಲೆ ಸೆಷನ್‌ನೊಳಗೆ ಜಿಎಲ್‌ಎಕ್ಸ್‌ಇನ್ಫೋ. ಇವೆರಡೂ ನೋಡದೆ ಡ್ರೈವರ್ ಮುಟ್ಟುವುದಿಲ್ಲ. ಅಕ್ಕನಿಗೂ ಫೋನ್ ಮಾಡಿ ಹೇಳಿದೆ: ಆ ಕೀಲಿ ಒಂದು ಸಲ ಒಪ್ಪಿಸಿದರೆ ಸಾಕು, ಮುಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್‌ಗೆ ನೀನು ಕಂಪ್ಯೂಟರ್ ಮುಂದೆ ಕೂರಬೇಕಿಲ್ಲ.