ಸೈನಿಕನ ಮನೆಗೆ ನೆರವು: ಹೆಸರು ಹೊಂದಿಸುವುದೇ ಮೊದಲ ಕೆಲಸ

ಸೇನೆಯಲ್ಲಿ ನಾನು ಕ್ಲರ್ಕ್ ಆಗಿದ್ದೆ. ನಿವೃತ್ತಿಯಾಗಿ ಕುಷ್ಟಗಿಗೆ ಬಂದ ಮೇಲೂ ಕಾಗದಪತ್ರದ ಕೆಲಸ ಬಿಟ್ಟಿಲ್ಲ. ಸುತ್ತಲಿನ ಹಳ್ಳಿಗಳಿಂದ ಮಾಜಿ ಸೈನಿಕರು, ಅವರ ಮನೆಯ ಹೆಣ್ಣುಮಕ್ಕಳು ಬರುತ್ತಾರೆ. ಕಷ್ಟದಲ್ಲಿರುವ ಸೈನಿಕನ ಮನೆ ಅಂದ ಕೂಡಲೇ ಎಲ್ಲರೂ ಚಂದಾ ಎತ್ತೋಣ ಅನ್ನುತ್ತಾರೆ. ಎತ್ತಬೇಕು, ಬೇಡ ಅನ್ನುವುದಿಲ್ಲ. ಆದರೆ ಅವರಿಗೆ ಅಂತಲೇ ಇಟ್ಟ ಹಣ ಅರ್ಜಿ ಇಲ್ಲದೆ ಸುಮ್ನೆ ಕೂತಿರುತ್ತದೆ. ಅದನ್ನು ಅವರ ಕೈಗೆ ಮುಟ್ಟಿಸುವುದು ಅದಕ್ಕಿಂತ ದೊಡ್ಡ ಕೆಲಸ.

1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಡೆಯುತ್ತದೆ. ಶಾಲೆಯಲ್ಲಿ ಪುಟ್ಟ ಬಾವುಟ ಚುಚ್ಚಿಕೊಂಡು ನಾವೆಲ್ಲ ದುಡ್ಡು ಹಾಕಿದವರೇ, ಅಲ್ವಾ? ಆ ನಿಧಿಯಿಂದಲೇ ಕೇಂದ್ರೀಯ ಸೈನಿಕ ಮಂಡಳಿ ನೆರವು ಕೊಡುತ್ತದೆ. ಪಿಂಚಣಿಯಿಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಗೆ ತಿಂಗಳಿಗೆ 8,000 ರೂಪಾಯಿ. ಇಬ್ಬರು ಮಕ್ಕಳವರೆಗೆ ಓದಿಗೆ ತಿಂಗಳಿಗೆ ತಲಾ 2,000. ಮಗಳ ಮದುವೆಗೆ 1 ಲಕ್ಷ. 2025ರ ನವೆಂಬರ್‌ನಿಂದ ಈ ಮೂರೂ ದುಪ್ಪಟ್ಟಾಗಿ ಈ ಮೊತ್ತಕ್ಕೆ ಬಂದಿವೆ. ಇವೆಲ್ಲ ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರಿಗೆ.

ಕಷ್ಟ ಇರುವುದು ಹೆಸರಲ್ಲಿ. ಸೇವೆ ಮುಗಿದಾಗ ಸೇನೆ ಕೊಟ್ಟ ಡಿಸ್ಚಾರ್ಜ್ ಬುಕ್ಕನ್ನು ಟ್ರಂಕಿನ ತಳದಿಂದ ತೆಗೆಯುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು, ಅಂಚೆಲ್ಲ ಕಂದಾಗಿರುತ್ತದೆ. ಕುಟುಂಬದ ಪುಟದಲ್ಲಿ ಹೆಂಡತಿ ಹೆಸರು 'ಹನಮವ್ವ'. ಯಾವುದೋ ದೂರದ ಊರಿನ ಕ್ಲರ್ಕ್ ಕೇಳಿಸಿದಂತೆ ಬರೆದದ್ದು. ಆಧಾರ್‌ನಲ್ಲಿ 'ಹನುಮಂತಮ್ಮ'. ಪಾಸ್‌ಬುಕ್‌ನಲ್ಲಿ 'ಹನುಮವ್ವ ಗಂಡ ಯಮನಪ್ಪ'. ಊರಿಗೆಲ್ಲ ಅವರು ಒಬ್ಬರೇ, ಕಂಪ್ಯೂಟರಿಗೆ ಮೂವರು. ಅದಕ್ಕೇ ನಾನು ಅರ್ಜಿಗೆ ಮೊದಲು ಈ ಮೂರನ್ನೂ ಎದುರಿಗೆ ಹರಡಿ ಅಕ್ಷರ ಅಕ್ಷರ ಹೋಲಿಸುತ್ತೇನೆ. ಸೇನೆಯ ದಾಖಲೆಯಲ್ಲೇ ತಪ್ಪಿದ್ದರೆ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಗಂಡ ಬದುಕಿರುವಾಗ ಇದು ಹಗುರ, ಆಮೇಲೆ ಹೆಣ್ಣುಮಗಳೊಬ್ಬಳೇ ಅಲೆಯಬೇಕು. ರಜೆಗೆ ಬಂದ ಹುಡುಗರನ್ನು ಹಿಡಿದು ಕೇಳುತ್ತೇನೆ: ಮದುವೆ, ಮಕ್ಕಳ ಹೆಸರು ಪಾರ್ಟ್ ಟೂ ಆರ್ಡರ್‌ನಲ್ಲಿ (ಮನೆಯ ವಿವರ ದಾಖಲಿಸುವ ಸೇನೆಯ ಆದೇಶ) ಸರಿಯಾಗಿ ಬಂದಿದೆಯಾ? ನೋಡಪ್ಪ, ನೋಡಿಕೊಂಡೇ ಹೋಗು.

ಅರ್ಜಿ ಆನ್‌ಲೈನ್‌ನಲ್ಲಿ. ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟ ಸ್ಕ್ಯಾನ್ ಆಗಬೇಕು, ಖಾಲಿ ಪುಟ ಕೂಡ ಬಿಡುವುದಿಲ್ಲ ನಾನು. ಜಿಲ್ಲಾ ಸೈನಿಕ ಕಚೇರಿಯವರು ಮೂಲ ಕಾಗದ ನೋಡಿ ಮುಂದೆ ಕಳಿಸುತ್ತಾರೆ. ಒಟಿಪಿ ಬರುವ ನಂಬರ್ ಬೆಂಗಳೂರಿಗೆ ದುಡಿಯಲು ಹೋದ ಮಗನ ಹತ್ತಿರ ಇರುತ್ತದೆ. ಅವನಿಗೆ ಮೊದಲೇ ಫೋನ್ ಮಾಡಿಟ್ಟರೆ ಒಳ್ಳೆಯದು.

ಮದುವೆ ನೆರವಿಗೆ ಮದುವೆಯಾದ 180 ದಿನದೊಳಗೆ ಅರ್ಜಿ ಹಾಕಬೇಕು. ನಮ್ಮ ಕಡೆ ಸಾಮೂಹಿಕ ವಿವಾಹ ಜಾಸ್ತಿ, ನೋಂದಣಿ ಮಾಡಿಸುವವರು ಕಡಿಮೆ. ಬರೀ ಲಗ್ನಪತ್ರಿಕೆ ನಂಬಿ ಕೂರಬೇಡಿ. ಅರಿಶಿನ ಆರುವ ಮೊದಲೇ ಉಪನೋಂದಣಿ ಕಚೇರಿಗೆ ಹೋಗಿ ಬನ್ನಿ.

ಹಣ ಬರುವ ತನಕ ಮನೆ ನಡೆಯಬೇಕಲ್ಲ. ಅದಕ್ಕೆ ನಾವು ಮಾಜಿ ಸೈನಿಕರು ಕೈಲಾದಷ್ಟು ಹಾಕುತ್ತೇವೆ. ಕಾಲೇಜಿನ ಫೀಸ್ ನೇರ ಕಾಲೇಜಿಗೆ ಕಟ್ಟುತ್ತೇವೆ. ಶಾಲು ಹೊದಿಸಿ, ಅಕ್ಕಿ ಚೀಲ ಕೊಟ್ಟು ಫೋಟೋ ತೆಗೆಯುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಗಡಿಯಲ್ಲಿ ತಲೆಯೆತ್ತಿ ನಿಂತವನ ಹೆಂಡತಿ ಊರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ನಾನು ನೋಡಲಾರೆ. ಕಿರಾಣಿ ಅಂಗಡಿಯವರಿಗೆ ಹೇಳಿಟ್ಟಿರುತ್ತೇವೆ. ಆ ಮನೆಯವರು ಎಂದಿನಂತೆ ಹೋಗಿ ಜೋಳ, ಎಣ್ಣೆ, ಬೇಳೆ ತರುತ್ತಾರೆ. ತಿಂಗಳ ಕೊನೆಗೆ ಲೆಕ್ಕ ನಾವು ಚುಕ್ತಾ ಮಾಡುತ್ತೇವೆ.